ಸಿಸಿಟಿವಿ ವಿಡಿಯೊ ಕೊಡುವ ಮೊದಲು ಹ್ಯಾಶ್ ತೆಗೆದಿಡಿ

ಕೋಲಾರದ ಎಪಿಎಂಸಿಯಲ್ಲಿ ನಿಮ್ಮದೊಂದು ಟೊಮೆಟೊ ಮಂಡಿ ಇದೆ, ರಾತ್ರೋರಾತ್ರಿ ಬಾಕ್ಸ್‌ಗಳು ಕಳುವಾದವು ಅಂತಿಟ್ಟುಕೊಳ್ಳಿ. ಕ್ಯಾಮೆರಾದಲ್ಲಿ ಕಳ್ಳ ಸಿಕ್ಕಿದ್ದಾನೆ. ಆದರೆ ನಾಳೆ ಕೋರ್ಟಿನಲ್ಲಿ ಎದುರು ವಕೀಲರು ‘ವಿಡಿಯೊ ತಿದ್ದಿದ್ದಾರೆ’ ಅಂದರೆ ಏನು ಹೇಳ್ತೀರಿ? ಅದಕ್ಕೇ ಹ್ಯಾಶ್ ಬೇಕು.

ಹ್ಯಾಶ್ ಅಂದ್ರೆ ಫೈಲಿನ ಹೆಬ್ಬೆಟ್ಟಿನ ಗುರುತು. ಫೈಲ್ ಎಷ್ಟೇ ದೊಡ್ಡದಿರಲಿ, ಎಸ್‌ಎಚ್‌ಎ-256 ಲೆಕ್ಕ ಅದನ್ನು ಪೂರ್ತಿ ಓದಿ 64 ಅಕ್ಷರ, ಅಂಕಿಗಳ ಒಂದು ಸಾಲು ಕೊಡುತ್ತದೆ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಬೇರೆಯದೇ ಸಾಲು ಬರುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಸರ್ಟಿಫಿಕೇಟಿನಲ್ಲಿ ಈ ಸಾಲು ಬರೆಯಲು ಜಾಗವೇ ಇದೆ.

ಮೊದಲು ಡಿವಿಆರ್‌ನಿಂದ (ಕ್ಯಾಮೆರಾದ ವಿಡಿಯೊ ಉಳಿಸಿಡುವ ಪೆಟ್ಟಿಗೆ) ಬೇಕಾದ ಹೊತ್ತಿನ ವಿಡಿಯೊವನ್ನು ಹೊಸ ಪೆನ್‌ಡ್ರೈವ್‌ಗೆ ಇಳಿಸಿ. ತಡ ಮಾಡಬೇಡಿ. ಡಿಸ್ಕ್ ತುಂಬಿದರೆ ಡಿವಿಆರ್ ಹಳೆಯದರ ಮೇಲೇ ಹೊಸದನ್ನು ಬರೆಯುತ್ತದೆ. ಅದರ ಗಡಿಯಾರ ಮುಂದಿದೆಯಾ, ಹಿಂದಿದೆಯಾ ನೋಡಿ ಬರೆದಿಟ್ಟುಕೊಳ್ಳಿ.

ಕಂಪ್ಯೂಟರಿನಲ್ಲಿ ಸೆವೆನ್-ಜಿಪ್ ಎಂಬ ಉಚಿತ ಸಾಫ್ಟ್‌ವೇರ್ ಇದ್ದರೆ ಸಾಕು. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸಿಆರ್‌ಸಿ ಎಸ್‌ಎಚ್‌ಎ’ ಮೆನುವಿನಲ್ಲಿ ‘ಎಸ್‌ಎಚ್‌ಎ-256’ ಒತ್ತಿ. ವಿಂಡೋಸ್ 11ರಲ್ಲಿ ಆ ಮೆನು ಕಾಣದಿದ್ದರೆ ‘ಶೋ ಮೋರ್ ಆಪ್ಷನ್ಸ್’ ಒಳಗೆ ಹುಡುಕಿ. ಹ್ಯಾಶ್ ತೆಗೆಯುವ ಹಳೆಯ ಲೆಕ್ಕವಾದ ಎಂಡಿ5 ಬೇಡ. ಎರಡು ಬೇರೆ ಫೈಲಿಗೆ ಒಂದೇ ಎಂಡಿ5 ಸಾಲು ಬರುವಂತೆ ಮಾಡಬಹುದು ಅಂತ 2004ರಲ್ಲೇ ತೋರಿಸಿದ್ದಾರೆ. ಇನ್ನೊಂದು ಹಳೆಯ ಲೆಕ್ಕ ಎಸ್‌ಎಚ್‌ಎ-1ಕ್ಕೂ 2017ರಲ್ಲಿ ಅದೇ ಗತಿ ಆಯಿತು.

ಬಂದ ಸಾಲನ್ನು ಕೈಯಲ್ಲಿ ಬರೆಯಬೇಡಿ, ಒಂದು ಅಕ್ಷರ ತಪ್ಪಿದರೂ ಕೆಲಸಕ್ಕೆ ಬಾರದು. ಕಾಪಿ ಮಾಡಿ ಪ್ರಿಂಟ್ ತೆಗೆಯಿರಿ. ಫೈಲಿನ ಹೆಸರು, ತಾರೀಕು, ಸಮಯ ಹಾಕಿ ಸಹಿ ಮಾಡಿ. ಆಮೇಲೆ ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಅದರದ್ದೂ ಹ್ಯಾಶ್ ತೆಗೆಯಿರಿ. ಎರಡೂ ಸಾಲು ಒಂದೇ ಇರಬೇಕು.

ಜಾಸ್ತಿ ಜನ ಎಡವುವುದು ವಾಟ್ಸ್ಆ್ಯಪ್‌ನಲ್ಲಿ. ಸುಮ್ನೆ ವಿಡಿಯೊ ಅಂತ ಕಳಿಸಿದರೆ ಅದು ಸೈಜ್ ಇಳಿಸಿಬಿಡುತ್ತದೆ, ಹ್ಯಾಶ್ ಬದಲಾಗುತ್ತದೆ. ವಿಡಿಯೊ ಕತ್ತರಿಸಿದರೂ, ಬೇರೆ ಫಾರ್ಮ್ಯಾಟಿಗೆ ತಂದರೂ ಅಷ್ಟೇ. ಫೈಲಿನ ಹೆಸರು ಬದಲಿಸಿದರೆ ಮಾತ್ರ ಹ್ಯಾಶ್‌ಗೆ ಏನೂ ಆಗದು.

ಒಂದು ಮಿತಿಯೂ ಇದೆ. ಹ್ಯಾಶ್ ತೆಗೆದ ಮೇಲೆ ಫೈಲ್ ಬದಲಾಗಿಲ್ಲ ಅಂತಷ್ಟೇ ಇದು ತೋರಿಸುತ್ತದೆ. ಅದಕ್ಕೆ ಮುಂಚೆ ಏನಾಯಿತು ಅಂತ ಹೇಳುವುದಿಲ್ಲ. ಹಾಗಾಗಿ ಇಳಿಸಿದ ಕೂಡಲೇ, ಇಬ್ಬರು ಸಾಕ್ಷಿಗಳ ಮುಂದೆ ತೆಗೆಯುವುದೇ ಒಳ್ಳೆಯದು. ಪೊಲೀಸರು ಪೆನ್‌ಡ್ರೈವ್ ತೆಗೆದುಕೊಳ್ಳುವಾಗ ಆ 64 ಅಕ್ಷರಗಳನ್ನು ಮಹಜರಿನಲ್ಲಿ ಬರೆಸಿ, ಅದರ ಪ್ರತಿ ಕೇಳಿ ಪಡೆಯಿರಿ.