ಕಲಬುರಗಿಯ ಧೂಳಿನಲ್ಲಿ ಇಆರ್‌ವಿ ನೋಡಿಕೊಳ್ಳುವುದು: ನನ್ನ ಅನುಭವ

ಏಸಿ ಕೆಟ್ಟರೆ ಹತ್ತು ನಿಮಿಷದಲ್ಲಿ ಫೋನ್ ಬರುತ್ತದೆ. ಇಆರ್‌ವಿ (ಎನರ್ಜಿ ರಿಕವರಿ ವೆಂಟಿಲೇಟರ್, ತಾಜಾ ಗಾಳಿ ತರುವ ಯಂತ್ರ) ಕೆಟ್ಟರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಕಲಬುರಗಿಯಲ್ಲಿ ಈ ಯೂನಿಟ್‌ಗಳ ಮೇಂಟೆನೆನ್ಸ್ ನನ್ನ ಕೆಲಸ. ಆಸ್ಪತ್ರೆಯ ಒಪಿಡಿ, ಬಟ್ಟೆ ಅಂಗಡಿ, ಕೋಚಿಂಗ್ ಕ್ಲಾಸು, ಆಫೀಸು, ಎಲ್ಲ ಕಡೆ ಇದೇ ಕಥೆ. ಒಳಗೆ ತಣ್ಣಗಿದೆ, ಅಂದರೆ ಎಲ್ಲ ಸರಿ ಇದೆ ಅಂತ ಜನ ಸುಮ್ಮನಿರುತ್ತಾರೆ. ಆದರೆ ಸ್ಪ್ಲಿಟ್ ಏಸಿ, ಕ್ಯಾಸೆಟ್ ಏಸಿ ಇದ್ದ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತವೆ, ಅಷ್ಟೆ. ಹೊರಗಿನ ಹೊಸ ಗಾಳಿ ತರುವುದು, ಒಳಗಿನ ಹಳೆ ಗಾಳಿ ಹೊರಗೆ ಹಾಕುವುದು ಇಆರ್‌ವಿ ಕೆಲಸ. ಅದು ನಿಂತರೆ ತಂಪಿಗೆ ಏನೂ ಆಗಲ್ಲ. ಗಾಳಿ ಮಾತ್ರ ಕೆಡುತ್ತಾ ಹೋಗುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೆ 42 ಡಿಗ್ರಿ, ಒಳಗೆ 25. ಆ ಬಿಸಿ ಗಾಳಿ ಹಾಗೇ ಒಳಗೆ ತಂದರೆ ಏಸಿಗೆ ಭಾರ, ಕರೆಂಟ್ ಬಿಲ್ ಜಾಸ್ತಿ. ಅದಕ್ಕೇ ಹೊರಗೆ ಹೋಗುವ ತಣ್ಣನೆ ಗಾಳಿ, ಒಳಗೆ ಬರುವ ಬಿಸಿ ಗಾಳಿ ಎರಡನ್ನೂ ಒಂದು ವ್ಹೀಲ್ ಮೂಲಕ ಹಾಯಿಸುತ್ತಾರೆ. ಸಣ್ಣ ಸಣ್ಣ ತೂತುಗಳ ಅಲ್ಯೂಮಿನಿಯಂ ಚಕ್ರ ಅದು. ಮೇಲೆ ತೇವ ಹೀರುವ ಲೇಪ ಇರುತ್ತದೆ. ಅರ್ಧ ಚಕ್ರ ಹೋಗುವ ಗಾಳಿಯಲ್ಲಿ, ಇನ್ನರ್ಧ ಬರುವ ಗಾಳಿಯಲ್ಲಿ. ತಿರುಗುತ್ತಾ ಬಿಸಿಯನ್ನೂ ತೇವವನ್ನೂ ಆ ಕಡೆಯಿಂದ ಈ ಕಡೆ ದಾಟಿಸುತ್ತದೆ. ಸಣ್ಣ ಯೂನಿಟ್‌ಗಳಲ್ಲಿ ಚಕ್ರದ ಬದಲು ಕಾಗದ ಅಥವಾ ತೆಳು ಪೊರೆಯ ಕೋರ್ ಇರುತ್ತದೆ. ಅದು ತಿರುಗುವುದಿಲ್ಲ.

ಕಂಪನಿ ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಫಿಲ್ಟರ್ ನೋಡಿ ಅಂತ ಬರೆದಿರುತ್ತಾರೆ. ನಮ್ಮ ಊರಿಗೆ ಆ ಲೆಕ್ಕ ನಡೆಯುವುದಿಲ್ಲ. ಡಿಸೆಂಬರ್‌ನಿಂದ ತೊಗರಿ ರಾಶಿ ಶುರು. ಗಂಜ್ ಅನ್ನುವ ಧಾನ್ಯ ಮಾರುಕಟ್ಟೆಯಲ್ಲಿ ಲಾರಿಗಳ ಸಾಲು, ಕಪನೂರ ಕಡೆ ದಾಲ್ ಮಿಲ್‌ಗಳು ಜೋರಾಗಿ ನಡೆಯುತ್ತವೆ. ಆಗ ಆ ಭಾಗದ ಕಟ್ಟಡಗಳ ಫಿಲ್ಟರ್ ತೆಗೆದು ನೋಡಿ. ಹೊಟ್ಟಿನ ಧೂಳು ತಿಳಿ ಕಂದು ಬಣ್ಣದ್ದು, ತೀರಾ ಹಗುರ. ಮೊದಲ ಫಿಲ್ಟರ್ ಮೇಲೆ ಕಂಬಳಿ ಹಾಗೆ ಕೂತಿರುತ್ತದೆ. ಬೆರಳಲ್ಲಿ ಒಂದು ಮೂಲೆ ಎತ್ತಿದರೆ ಇಡೀ ಪದರ ಒಟ್ಟಿಗೆ ಎದ್ದು ಬರುತ್ತದೆ. ಇದು ನೋಡೋಕೆ ಭಯಂಕರ, ಆದರೆ ತೆಗೆಯುವುದು ಸುಲಭ.

ನನಗೆ ಜಾಸ್ತಿ ಹೆದರಿಕೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಧೂಳಿನದು. ಪಕ್ಕದ ಸೈಟಿನಲ್ಲಿ ಶಹಾಬಾದ್ ಫರ್ಸಿ ಕಟಿಂಗ್ ಮಷಿನ್ ಇಟ್ಟರೆ ಮುಗಿಯಿತು. ಅದು ನುಣುಪಾದ ಬಿಳಿ ಪುಡಿ. ದಪ್ಪ ಧೂಳು ಹಿಡಿಯುವ ಮುಂದಿನ ಜಿ4 ಫಿಲ್ಟರ್ ಅಷ್ಟೇನೂ ಕೊಳೆಯಾಗಿ ಕಾಣುವುದಿಲ್ಲ. ಪುಡಿ ಅದನ್ನು ದಾಟಿ ಹಿಂದಿನ ಫೈನ್ ಫಿಲ್ಟರ್ ತುಂಬಿಸಿಬಿಟ್ಟಿರುತ್ತದೆ. ಫೈನ್ ಫಿಲ್ಟರ್ ಇಲ್ಲದ ಯೂನಿಟ್ ಆದರೆ ನೇರ ವ್ಹೀಲಿನ ತೂತುಗಳಿಗೇ ಹೋಗಿ ಕೂರುತ್ತದೆ. ಮಳೆಗಾಲದಲ್ಲಿ ತೇವ ಸಿಕ್ಕರೆ ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಬ್ರಷ್ ಹಾಕಿದರೂ ಬರಲ್ಲ. ಅದಕ್ಕೆ ನಾನು ಯಾವುದೇ ಟೆರೇಸ್‌ಗೆ ಹೋದರೂ ಮೊದಲು ಯೂನಿಟ್ ನೋಡುವುದಿಲ್ಲ, ಸುತ್ತ ಏನು ಕಟ್ಟುತ್ತಿದ್ದಾರೆ ನೋಡುತ್ತೇನೆ.

ಹೀಗಾಗಿ ಕ್ಯಾಲೆಂಡರ್ ಬಿಟ್ಟು ಗೇಜ್ ನಂಬುತ್ತೇನೆ. ಫಿಲ್ಟರಿನ ಹಿಂದೆ ಮುಂದೆ ಎಷ್ಟು ಒತ್ತಡದ ವ್ಯತ್ಯಾಸ ಇದೆ ಅಂತ ತೋರಿಸುವ ಗೇಜ್ ಅದು, ಪ್ಯಾಸ್ಕಲ್‌ನಲ್ಲಿ. ಹೊಸ ಫಿಲ್ಟರ್ ಹಾಕಿದ ದಿನದ ರೀಡಿಂಗ್ ಅನ್ನು ಮಾರ್ಕರ್‌ನಿಂದ ಯೂನಿಟ್ ಬಾಗಿಲ ಮೇಲೇ ಬರೆಯುತ್ತೇನೆ. ರೀಡಿಂಗ್ ಅದರ ಎರಡು ಪಟ್ಟು ಆದರೆ ತೊಳೆಯುವ ಅಥವಾ ಬದಲಿಸುವ ಟೈಮ್. ಫಿಲ್ಟರ್ ಕಂಪನಿಯವರು ಕೊನೆ ಮಿತಿ 250 ಪ್ಯಾಸ್ಕಲ್ ಅಂತೆಲ್ಲ ಕೊಟ್ಟಿರುತ್ತಾರೆ. ಅಲ್ಲಿವರೆಗೆ ಬಿಟ್ಟರೆ ಸಣ್ಣ ಯೂನಿಟ್‌ಗಳ ಫ್ಯಾನ್‌ಗೆ ಗಾಳಿ ಎಳೆಯುವ ಶಕ್ತಿಯೇ ಉಳಿದಿರುವುದಿಲ್ಲ.

ಇನ್ನೊಂದು ವಿಷಯ. ರೀಡಿಂಗ್ ಇದ್ದಕ್ಕಿದ್ದಂತೆ ಕಡಿಮೆಯಾದರೆ ಖುಷಿಪಡಬೇಡಿ. ಫಿಲ್ಟರ್ ಹರಿದಿರಬಹುದು, ಫ್ರೇಮಿನ ಪಕ್ಕದಿಂದ ಗಾಳಿ ನುಸುಳುತ್ತಿರಬಹುದು, ಇಲ್ಲವೇ ಫ್ಯಾನೇ ಸರಿಯಾಗಿ ಎಳೆಯುತ್ತಿಲ್ಲ.

ಒಂದು ಕೋಚಿಂಗ್ ಕ್ಲಾಸಿನಲ್ಲಿ ಆದದ್ದು ಇದೇ. ಅಲ್ಲಿನ ಮ್ಯಾನೇಜರ್ ಕಾರಿಡಾರಿನಲ್ಲಿ ಸಿಕ್ಕಾಗ ಹೇಳಿದರು, "ಏಸಿ ಮಸ್ತ್ ಥಂಡ್ ಅದರಿ. ಆದ್ರ ಮಧ್ಯಾಹ್ನ ಹುಡುಗ್ರು ಬರೇ ನಿದ್ದಿ ಹೊಡಿತಾರ. ಊಟ ಮಾಡಿ ಬರ್ತಾರಲ್ರಿ, ಅದಕ್ಕ." ನನಗೆ ಊಟದ ಮೇಲೆ ಅನುಮಾನ ಬರಲಿಲ್ಲ. ಕಾರ್ಬನ್ ಡೈಆಕ್ಸೈಡ್ ಮೀಟರ್ ಇಟ್ಟು ನೋಡಿದೆ. ಹೊರಗಿನ ಗಾಳಿಯಲ್ಲಿ ಅದು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಆಸುಪಾಸು ಇರುತ್ತದೆ. ಜನ ತುಂಬಿದ ಕೋಣೆಯಲ್ಲೂ 1,000ದ ಒಳಗೆ ಇಡುವುದು ನಮ್ಮ ಗುರಿ. ಆ ಹಾಲ್‌ನಲ್ಲಿ 1,800 ದಾಟಿತ್ತು.

ಟೆರೇಸ್ ಮೇಲೆ ಹೋದರೆ ಎಲ್ಲ ಸರಿ. ಫಿಲ್ಟರ್ ಸ್ವಚ್ಛ, ಬೆಲ್ಟ್ ಬಿಗಿ, ಗೇಜ್ ಬಾಗಿಲ ಮೇಲೆ ಬರೆದಷ್ಟೇ ತೋರಿಸುತ್ತಿದೆ. ನೋಡುತ್ತಾ ನಿಂತಿದ್ದಾಗಲೇ ಕರೆಂಟ್ ಹೋಯಿತು, ಜನರೇಟರ್ ಶುರುವಾಯಿತು. ಗೇಜಿನ ಮುಳ್ಳು ಮತ್ತೆ ಎದ್ದಿತು, ಆದರೆ ಮೊದಲಿನ ಅರ್ಧದಲ್ಲೇ ನಿಂತಿತು. ಬಾಗಿಲು ತೆಗೆಸಿ, ಫ್ಯಾನ್ ನಿಲ್ಲುವ ಹೊತ್ತಿಗೆ ಟಾರ್ಚ್ ಬಿಟ್ಟು ನೋಡಿದರೆ ಉಲ್ಟಾ ತಿರುಗುತ್ತಿತ್ತು. ಜನರೇಟರ್ ಪ್ಯಾನೆಲ್ ಕೆಲಸ ಮಾಡಿದವರು ಎರಡು ಫೇಸ್ ಅದಲು ಬದಲು ಮಾಡಿ ಜೋಡಿಸಿದ್ದರು. ಕರೆಂಟ್ ಇದ್ದಾಗ ಫ್ಯಾನ್ ನೇರ, ಜನರೇಟರ್ ಮೇಲೆ ಉಲ್ಟಾ. ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು, ಹುಡುಗರು ತೂಕಡಿಸುತ್ತಿದ್ದರು.

ಇಲ್ಲಿ ಮೋಸ ಹೋಗುವುದು ಸುಲಭ. ಬ್ಲೋವರ್ ಜಾತಿಯ ಫ್ಯಾನ್ ಉಲ್ಟಾ ತಿರುಗಿದರೂ ಗಾಳಿ ಹಿಂದಕ್ಕೆ ಬರುವುದಿಲ್ಲ, ಅದೇ ದಿಕ್ಕಿಗೆ ಹೋಗುತ್ತದೆ. ತುಂಬಾ ಕಡಿಮೆ ಹೋಗುತ್ತದೆ, ಅಷ್ಟೆ. ಗ್ರಿಲ್‌ಗೆ ಕೈ ಹಿಡಿದವರಿಗೆ ಗಾಳಿ ಬರುತ್ತಿದೆ ಅನಿಸುತ್ತದೆ. ಮೋಟರ್‌ಗೆ ವಿಎಫ್‌ಡಿ (ಮೋಟರ್ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಇದ್ದರೆ ಈ ತೊಂದರೆ ಬರುವುದಿಲ್ಲ. ಹೊರಗೆ ಫೇಸ್ ಹೇಗೇ ಇರಲಿ, ಅದು ಮೋಟರ್‌ನ್ನು ತನ್ನ ದಿಕ್ಕಿನಲ್ಲೇ ಓಡಿಸುತ್ತದೆ. ನೇರ ಸ್ಟಾರ್ಟರ್ ಇರುವ ಹಳೆ ಯೂನಿಟ್‌ಗಳಲ್ಲಿ ಮಾತ್ರ ಎಚ್ಚರ ಬೇಕು. ಜನರೇಟರ್ ಕಡೆಯ ಎರಡು ವೈರ್ ಬದಲಿಸಿದೆವು. ಫೇಸ್ ಉಲ್ಟಾ ಆದರೆ ಫ್ಯಾನ್ ಶುರುವಾಗದಂತೆ ಒಂದು ರಿಲೇ ಹಾಕಿಸಿದೆ. ಈಗ ಪ್ರತಿ ವಿಸಿಟ್‌ನಲ್ಲೂ ಎರಡು ರೀಡಿಂಗ್ ಬರೆಯುತ್ತೇನೆ, ಒಂದು ಕರೆಂಟ್ ಮೇಲೆ, ಒಂದು ಜನರೇಟರ್ ಮೇಲೆ.

ವ್ಹೀಲ್ ವಿಷಯಕ್ಕೆ ಬರುತ್ತೇನೆ. ಇದರ ಬಾಗಿಲು ತೆಗೆಯುವ ಮುಂಚೆ ಐಸೋಲೇಟರ್ (ಯೂನಿಟ್‌ಗೆ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ ಬೀಗ ಹಾಕಿ, ಕೀಲಿ ನನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ. ಕೆಳಗಿನ ಸ್ವಿಚ್ ಆಫ್ ಮಾಡಿದ್ದೇವೆ ಅನ್ನುವ ಮಾತನ್ನು ನಂಬುವುದಿಲ್ಲ. ಟೈಮರ್ ಇರುವ ಯೂನಿಟ್ ತಾನೇ ಶುರುವಾಗಬಹುದು. ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಮೊದಲ ದಿನ ಕಲಿಸಿದ್ದೇ ಇದು. ಈಗ ಅವನೇ ನನ್ನನ್ನು ಕೇಳುತ್ತಾನೆ, "ಅಣ್ಣಾ, ಕೀಲಿ ಯಾರ ಹಂತ್ಯಾಕ ಅದ?"

ವ್ಹೀಲ್ ತಿರುಗುವುದು ನಿಧಾನ. ನಾನು ನೋಡಿಕೊಳ್ಳುವ ಯೂನಿಟ್‌ಗಳಲ್ಲಿ ನಿಮಿಷಕ್ಕೆ 20 ಸುತ್ತಿನ ಹತ್ತಿರ. ಅಂಚಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಬಾಗಿಲು ಮುಚ್ಚಿ, ನೋಡುವ ಗಾಜಿನಿಂದ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಎಣಿಸುತ್ತೇನೆ. ಮೂರು ಸೆಕೆಂಡಿಗೆ ಒಂದು ಸುತ್ತು ಬರಬೇಕು. ಐದಾರು ಸೆಕೆಂಡ್ ಆದರೆ ಬೆಲ್ಟ್ ಜಾರುತ್ತಿದೆ ಅಂತ ಅರ್ಥ. ಟೆರೇಸಿನ ಬಿಸಿಲಿಗೆ ಬೆಲ್ಟ್ ಹಿಗ್ಗುತ್ತದೆ, ಮೇಲೆ ಧೂಳು ಕೂತು ನುಣ್ಣಗಾಗುತ್ತದೆ. ಮೋಟರ್ ಓಡುತ್ತಿರುತ್ತದೆ, ಪ್ಯಾನೆಲ್‌ನಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ, ಚಕ್ರ ಮಾತ್ರ ನಿಂತಿರುತ್ತದೆ. ಹಸಿರು ದೀಪ ಹೇಳುವುದು ಮೋಟರ್ ಸುದ್ದಿ ಅಷ್ಟೆ, ಅಲ್ವಾ?

ಚಕ್ರ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಳಿಯಲು ನಮ್ಮ ಬೇಸಿಗೆಗಿಂತ ಒಳ್ಳೆ ಸಮಯ ಇಲ್ಲ. ಹೊರಗೂ ಒಳಗೂ ಅಂತರ ಜಾಸ್ತಿ ಇದ್ದಷ್ಟು ಲೆಕ್ಕ ಸ್ಪಷ್ಟ. ಮೂರು ಉಷ್ಣತೆ ಸಾಕು: ಹೊರಗಿನ ಗಾಳಿ, ಒಳಗಿಂದ ವಾಪಸ್ ಬರುವ ಗಾಳಿ, ವ್ಹೀಲ್ ದಾಟಿ ಕೂಲಿಂಗ್ ಕಾಯಿಲ್‌ಗೆ ಮುಟ್ಟುವ ಮುಂಚಿನ ಗಾಳಿ. ಹೊರಗೆ 41, ವಾಪಸ್ 25, ವ್ಹೀಲ್ ದಾಟಿದ್ದು 30 ಅಂತ ಇಟ್ಟುಕೊಳ್ಳಿ. 16 ಡಿಗ್ರಿ ಅಂತರದಲ್ಲಿ 11 ಡಿಗ್ರಿ ವ್ಹೀಲ್ ಇಳಿಸಿದೆ. ಹತ್ತಿರ ಹತ್ತಿರ 69 ಪರ್ಸೆಂಟ್. ಒಳ್ಳೆಯದು. ಅದೇ 30ರ ಜಾಗದಲ್ಲಿ 35 ಬಂದರೆ 38 ಪರ್ಸೆಂಟ್‌ಗೂ ಕಡಿಮೆ. ಬೆಲ್ಟ್, ಎರಡು ಗಾಳಿ ಬೆರೆಯದಂತೆ ತಡೆಯುವ ಸೀಲ್, ಕೊಳೆ, ಮೂರರಲ್ಲಿ ಒಂದು ಕೈಕೊಟ್ಟಿದೆ. ಒಳಬರುವ ಗಾಳಿ, ಹೊರಹೋಗುವ ಗಾಳಿ ಎರಡೂ ಸರಿಸಮ ಇದ್ದಾಗ ಮಾತ್ರ ಈ ಲೆಕ್ಕ ನಂಬಬಹುದು. ಹೊರಗಿನ ಥರ್ಮಾಮೀಟರ್ ನೆರಳಿನಲ್ಲಿರಬೇಕು. ತಗಡಿನ ಮೇಲೆ ಇಟ್ಟರೆ ಸುಳ್ಳು ಹೇಳುತ್ತದೆ. ಇದೊಂದು ಪರೀಕ್ಷೆಗೆ ಮಾತ್ರ ನಡುಮಧ್ಯಾಹ್ನ ಟೆರೇಸ್ ಹತ್ತುತ್ತೇನೆ. ಉಳಿದ ಕೆಲಸ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ಆಮೇಲೆ ತಗಡು ಮುಟ್ಟೋಕೆ ಆಗಲ್ಲ.

ವ್ಹೀಲ್ ಸ್ವಚ್ಛ ಮಾಡಲು ನಾನು ಬಳಸುವುದು ವ್ಯಾಕ್ಯೂಮ್ ಮತ್ತು ಮೆತ್ತನೆ ಬ್ರಷ್. ಆಮೇಲೆ ಕಡಿಮೆ ಒತ್ತಡದ ಗಾಳಿ, ಧೂಳು ಬಂದ ದಿಕ್ಕಿಗೆ ವಿರುದ್ಧವಾಗಿ. ಕಾಯಿಲ್ ತೊಳೆಯುವ ಆಸಿಡ್ ವ್ಹೀಲ್ ಹತ್ತಿರವೂ ಬರಬಾರದು. ಲೇಪ ಹೋದರೆ ತೇವ ಹೀರುವ ಗುಣ ಹೋಯಿತು. ಮಾರ್ಚ್, ಏಪ್ರಿಲ್‌ನ ಒಣ ಗಾಳಿಯಲ್ಲಿ ಅದು ಗೊತ್ತಾಗುವುದೇ ಇಲ್ಲ. ಆಗಸ್ಟ್, ಸೆಪ್ಟೆಂಬರ್ ಬಂದ ಮೇಲೆ ಒಳಗೆಲ್ಲ ಜಿಗುಟು ಜಿಗುಟು, ಬಟ್ಟೆ ಅಂಗಡಿಯಲ್ಲಿ ಮುಗ್ಗಲು ವಾಸನೆ. ಕಾಗದದ ಕೋರ್ ಇರುವ ಯೂನಿಟ್‌ಗೆ ನೀರು ತಾಗಿಸಲೇಬೇಡಿ. ಒಂದು ಆಫೀಸಿನಲ್ಲಿ ನನಗಿಂತ ಮುಂಚೆ ಬಂದವರು ಪ್ರೆಶರ್ ಪಂಪಿನಿಂದ ತೊಳೆದಿದ್ದರು. ಪದರಗಳೆಲ್ಲ ಅಂಟಿಕೊಂಡು ಕೋರ್ ಉಬ್ಬಿ ಕೂತಿತ್ತು. ಹೊಸದು ತರಿಸದೆ ಬೇರೆ ದಾರಿ ಇರಲಿಲ್ಲ. ಆ ಮಾಲೀಕರ ದುಡ್ಡು ನೆನೆದರೆ ಈಗಲೂ ಬೇಜಾರಾಗುತ್ತದೆ.

ಜಿ4 ಫಿಲ್ಟರ್ ತೊಳೆಯಬಹುದು. ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಅದಕ್ಕೆ ಸಾಧ್ಯವಾದಷ್ಟು ನಳದ ನೀರೇ ಬಳಸುತ್ತೇನೆ. ನೆರಳಲ್ಲಿ ಒಣಗಿಸಬೇಕು. ಗೋಡೆಗೆ ಬಡಿಯಬಾರದು. ಪೂರ್ತಿ ಒಣಗದೆ ಹಾಕಬಾರದು. ಫೈನ್ ಫಿಲ್ಟರ್ ತೊಳೆಯುವುದೇ ಇಲ್ಲ, ಬದಲಿಸುವುದು. ಹಾಕುವಾಗ ಬಾಣದ ಗುರುತು ಗಾಳಿಯ ದಿಕ್ಕಿಗೆ ಇರಲಿ. ಆಸ್ಪತ್ರೆಯ ಹೊರಹೋಗುವ ಕಡೆಯ ಫಿಲ್ಟರ್‌ಗೆ ಗ್ಲೌಸ್, ಎನ್95 ಮಾಸ್ಕ್ ಕಡ್ಡಾಯ. ತೆಗೆದ ಜಾಗದಲ್ಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಇಳಿಸುತ್ತೇವೆ. ಒಪಿಡಿಯ ನಡುವೆ ಝಾಡಿಸುತ್ತಾ ತರುವ ವಸ್ತು ಅಲ್ಲ ಅದು.

ಇನ್ನು ಪಾರಿವಾಳ. ಗಾಳಿ ಎಳೆಯುವ ಲೂವರ್ (ಓರೆ ಪಟ್ಟಿಗಳ ಕಿಂಡಿ) ಹಿಂದಿನ ಜಾಲರಿ ಹರಿದರೆ ಒಂದು ವಾರ ಸಾಕು, ಗೂಡು ಕಟ್ಟುತ್ತವೆ. ಪುಕ್ಕ, ಹಿಕ್ಕೆ ಎಲ್ಲ ಒಳಗೆ ಬರುವ ಗಾಳಿಯ ದಾರಿಯಲ್ಲೇ. ತಂತಿ, ಕಟ್ಟರ್ ಯಾವಾಗಲೂ ನನ್ನ ಚೀಲದಲ್ಲಿರುತ್ತವೆ. ಹಾಗೇ ಆ ಲೂವರ್ ಹತ್ತಿರ ಜನರೇಟರ್ ಹೊಗೆಯ ಪೈಪ್ ತಿರುಗಿದೆಯಾ ಅಂತ ನೋಡಿ. ಕಟ್ಟಿದಾಗ ಇರಲ್ಲ, ಆಮೇಲೆ ಯಾರೋ ಜಾಗ ಬದಲಿಸಿರುತ್ತಾರೆ.

ಚಳಿಗಾಲದಲ್ಲಿ ಒಂದು ಬದಲಾವಣೆ ಮಾಡುತ್ತೇನೆ. ಡಿಸೆಂಬರ್ ಬೆಳಿಗ್ಗೆ ಹೊರಗೆ 18 ಡಿಗ್ರಿ, ಒಳಗೆ ಜನ, ಲೈಟು ಸೇರಿ 26. ಹೊರಗೇ ತಂಪಿರುವಾಗ ವ್ಹೀಲ್ ತಿರುಗಿಸಿದರೆ ಬರುವ ಗಾಳಿಯನ್ನು ನಾವೇ ಬಿಸಿ ಮಾಡಿದಂತೆ. ಆ ಹೊತ್ತಿಗೆ ವ್ಹೀಲ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಬೇಕು. ಆದರೆ ಪೂರ್ತಿ ನಿಲ್ಲಿಸಿಬಿಟ್ಟರೆ ರಾಶಿ ಕಾಲದ ಧೂಳು ಒಂದೇ ಅರ್ಧದಲ್ಲಿ ತುಂಬುತ್ತದೆ. ಗಂಟೆಗೊಮ್ಮೆ ಸ್ವಲ್ಪ ಹೊತ್ತು ತಿರುಗುವ ಹಾಗೆ ಕಂಟ್ರೋಲರ್‌ನಲ್ಲಿ ಸೆಟ್ ಮಾಡಿ.

ವ್ಹೀಲ್ ಬೆಲ್ಟ್, ಬ್ರಷ್ ಸೀಲ್, ಫೈನ್ ಫಿಲ್ಟರ್ ನಮ್ಮೂರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕು. ಮೇ ತಿಂಗಳಲ್ಲಿ ಬೆಲ್ಟ್ ಹರಿದ ಮೇಲೆ ಆರ್ಡರ್ ಹಾಕಿದರೆ ಪಾರ್ಸೆಲ್ ಬರುವ ತನಕ ಕಟ್ಟಡದವರು ತಾಜಾ ಗಾಳಿ ಬಂದ್ ಮಾಡಿಸುತ್ತಾರೆ, ಏಸಿಗೆ ಭಾರ ಆಗುತ್ತೆ ಅಂತ. ಆದ್ದರಿಂದ ಯುಗಾದಿಗೆ ಮುಂಚೆಯೇ ಪ್ರತಿ ಯೂನಿಟ್‌ನ ನೇಮ್‌ಪ್ಲೇಟ್ ಫೋಟೋ ತೆಗೆದು, ಒಂದೊಂದು ಬೆಲ್ಟ್, ಒಂದು ಸೆಟ್ ಫಿಲ್ಟರ್ ತರಿಸಿ ಆಯಾ ಕಟ್ಟಡದ ಪ್ಯಾನೆಲ್ ರೂಮಿನಲ್ಲೇ ಇಡಿಸುತ್ತೇನೆ. ಡಬ್ಬದ ಮೇಲೆ ಯೂನಿಟ್ ನಂಬರ್ ಬರೆದು ವಾಚ್‌ಮನ್‌ಗೂ ತೋರಿಸಿರುತ್ತೇನೆ.