ಬಾರದವರ ಪಟ್ಟಿ ಹಿಡಿದು

ಚಾಮರಾಜನಗರ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. 30 ವರ್ಷ ದಾಟಿದ ಎಲ್ಲರ ಬಿಪಿ, ಶುಗರ್ ನೋಡಿ, ಕಾಯಿಲೆ ಇದ್ದವರಿಗೆ ತಿಂಗಳು ತಿಂಗಳು ಮಾತ್ರೆ ಕೊಡುವುದು ನಮ್ಮ ಮುಖ್ಯ ಕೆಲಸಗಳಲ್ಲೊಂದು. ತಪಾಸಣೆಗೂ ಮಾತ್ರೆಗೂ ದುಡ್ಡಿಲ್ಲ. ಆದರೂ ಎಷ್ಟೋ ಜನ ಎರಡನೇ ತಿಂಗಳು ಬರುತ್ತಿರಲಿಲ್ಲ. ಸಭೆಗಳಲ್ಲಿ ‘ಜನಕ್ಕೆ ಅರಿವಿಲ್ಲ’ ಎಂದು ಹೇಳಿ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಬಾರದವರ ಹೆಸರನ್ನಷ್ಟೇ ಬೇರೆ ಹಾಳೆಗೆ ಇಳಿಸಿಕೊಂಡು ಆಶಾ ಅಕ್ಕನ ಜೊತೆ ಅವರ ಮನೆಗಳಿಗೇ ಹೊರಟೆ.

ಹಗಲು ಹೋದರೆ ಬಾಗಿಲಿಗೆ ಬೀಗ. ದೀಪ ಹಚ್ಚುವ ಹೊತ್ತಿಗೆ ಹೋದರೆ ಸಿಗುತ್ತಾರೆ. ಅರಿಶಿನ ಕೀಳಲು ಹೋಗುವ ಒಬ್ಬ ತಾಯಿ ಲೆಕ್ಕ ಹೇಳಿದರು: ‘ಮಾತ್ರೆಗೆ ಅಂತ ಬಂದ್ರೆ ಅವತ್ತಿನ ಕೂಲಿ ಹೋಯ್ತು ಕಣಮ್ಮ. ಮಾರನೇ ದಿನ ಆಳಿಗೆ ಕರೀತಾರೋ ಇಲ್ವೋ.’ ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಬಸ್ ಚಾರ್ಜ್ ಇಲ್ಲ, ನಿಜ. ಕಳೆದುಕೊಳ್ಳುವುದು ದಿನದ ದುಡಿಮೆಯನ್ನು. ಜ್ವರ ಬಂದರೆ ರಾತ್ರಿ ಎಂಟಕ್ಕೂ ಬಾಗಿಲು ತೆರೆದಿರುವ, ಸೂಜಿ ಚುಚ್ಚಿ ‘ದುಡ್ಡು ಸಂತೆ ದಿನ ಕೊಡಿ’ ಎನ್ನುವವನ ಹತ್ತಿರ ಹೋಗುತ್ತಾರೆ. ಬಿಪಿಗಂತೂ ನೋವೇ ಇಲ್ಲ. 170/110 ಇರುವವರು ಮೂಟೆ ಹೊತ್ತು ಲಾರಿ ತುಂಬುತ್ತಿರುತ್ತಾರೆ. ಅವರನ್ನು ರೋಗಿ ಎಂದರೆ ನಂಬುವುದು ಹೇಗೆ?

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಕಾರಣ. ಬಿಪಿ, ಶುಗರ್ ನೋಡುವ ಶಿಬಿರ ಮೊದಲಿನಿಂದಲೂ ಮಾರಿಗುಡಿಯ ಜಗಲಿಯಲ್ಲಿ ನಡೆಯುತ್ತಿತ್ತು. ದಲಿತರ ಕಾಲೋನಿಯವರು ಬಂದರೂ ಕೆಳಗೆ ಹೊಂಗೆಮರದ ಹತ್ತಿರವೇ ನಿಲ್ಲುತ್ತಿದ್ದರು. ಮೇಲೆ ಬನ್ನಿ ಎಂದರೆ ‘ಇಲ್ಲೇ ನೋಡಿ’ ಎಂದು ತೋಳು ಚಾಚುತ್ತಿದ್ದರು. ಬರಬರುತ್ತಾ ಬರುವುದನ್ನೇ ಬಿಟ್ಟರು. ಅರಿವು ಇಲ್ಲದ್ದು ಅವರಿಗಲ್ಲ.

ವೈದ್ಯಾಧಿಕಾರಿಯವರನ್ನು ಒಪ್ಪಿಸಿ ಶಿಬಿರವನ್ನು ಕಾಲೋನಿಯ ಅಂಗನವಾಡಿಗೆ ತಂದೆವು. ಹೊತ್ತು ಬೆಳಿಗ್ಗೆ ಆರೂವರೆ, ಕೂಲಿಯವರ ಟೆಂಪೊ ಹೊರಡುವ ಮುಂಚೆ. ನಡೆದು ಬಂದವರನ್ನು 5 ನಿಮಿಷ ಸುಮ್ಮನೆ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಇಡಿಸಿ ಬಿಪಿ ನೋಡಬೇಕು. ಅವಸರದಲ್ಲಿ ನೋಡಿದರೆ ಅಂಕಿ ಏರುತ್ತದೆ. ಹೊರಗೆ ಟೆಂಪೊ ಹಾರ್ನ್ ಹೊಡೆಯುತ್ತಿದ್ದರೆ ಯಾರು ಕೂರುತ್ತಾರೆ? ಮೇಸ್ತ್ರಿಯನ್ನೇ ಕರೆದು ಅವರ ಬಿಪಿಯನ್ನೂ ನೋಡಿದೆ. ಜಾಸ್ತಿಯೇ ಇತ್ತು. ಈಗ ಅವರೇ ಟೆಂಪೊ ನಿಲ್ಲಿಸಿಕೊಂಡು ಕಾಯುತ್ತಾರೆ, ಮಾತ್ರೆ ಮರೆತವರನ್ನು ಕೆಲಸದ ಹೊಲದಲ್ಲಿ ಗದರುತ್ತಾರೆ. ಬಿಪಿ ಹತೋಟಿಗೆ ಬಂದವರಿಗೆ, ದಾಸ್ತಾನು ಇದ್ದಾಗ, ವೈದ್ಯರು ಎರಡು ತಿಂಗಳ ಮಾತ್ರೆ ಬರೆಯುತ್ತಾರೆ.

ಬಿಟ್ಟುಹೋದವರಲ್ಲಿ ಬಹಳ ಜನ ಮತ್ತೆ ಬಂದಿದ್ದಾರೆ. ಕೊಡಗಿನ ಕಾಫಿ ತೋಟಗಳಿಗೆ ಸಂಸಾರ ಸಮೇತ ಹೋಗುವವರು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಹೊರಡುವ ಮುಂಚೆ ಮಾತ್ರೆಯ ಹೆಸರು, ಕೊನೆಯ ಬಿಪಿ ಅಂಕಿ ಬರೆದ ಚೀಟಿ ಕೊಟ್ಟು, ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಎನ್ನುತ್ತೇನೆ. ತೋಟದ ಕೆಲಸ ಬಿಡುವಷ್ಟರಲ್ಲಿ ಅಲ್ಲಿಯೂ ಬಾಗಿಲು ಹಾಕಿರುತ್ತದೆ ಎಂದು ಹೋಗಿಬಂದವರು ಹೇಳುತ್ತಾರೆ.