ಬದುಕಿರುವ ಕೋಶಗಳನ್ನು ಎಣಿಸುವುದು ಹೇಗೆ?

ಸಾಲ್ಮನ್ ಭ್ರೂಣದ ಕೋಶವಾಗಲಿ, ಮನುಷ್ಯರ ಕೋಶವಾಗಲಿ, ಹೀಮೋಸೈಟೋಮೀಟರ್‌ನಲ್ಲಿ (ಕೋಶ ಎಣಿಸಲು ಚೌಕಗಳನ್ನು ಕೊರೆದ ಗಾಜಿನ ಪಟ್ಟಿ) ಎಣಿಸುವ ಕ್ರಮ ಒಂದೇ. ಹೆಚ್ಚಿನ ತಪ್ಪುಗಳು ಎಣಿಕೆಯಲ್ಲಲ್ಲ, ಅದಕ್ಕೂ ಮುಂಚೆ ಆಗುತ್ತವೆ. ಕೋಶಗಳು ತಳಕ್ಕೆ ಬೇಗ ಇಳಿಯುತ್ತವೆ. ಆದ್ದರಿಂದ ಮಾದರಿ ತೆಗೆಯುವ ಮುನ್ನ ಟ್ಯೂಬನ್ನು ನಾಲ್ಕೈದು ಸಲ ಮೆಲ್ಲಗೆ ಮೇಲೆಕೆಳಗೆ ಮಾಡಿ.

ಕೋಶಗಳಿರುವ 10 ಮೈಕ್ರೋಲೀಟರ್ ದ್ರವಕ್ಕೆ ಅಷ್ಟೇ ಪ್ರಮಾಣದ 0.4% ಟ್ರೈಪಾನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿ. ಕೈಗವಸು ಕಡ್ಡಾಯ, ಈ ಬಣ್ಣ ಕ್ಯಾನ್ಸರ್‌ಕಾರಕವೆಂಬ ಶಂಕೆ ಇದೆ. ಪಟ್ಟಿಯ ಮೇಲೆ ಮುಚ್ಚಿದ ತೆಳು ಗಾಜಿನ (ಕವರ್‌ಸ್ಲಿಪ್) ಅಂಚಿಗೆ ಪಿಪೆಟ್ ತುದಿ ತಾಗಿಸಿ 10 ಮೈಕ್ರೋಲೀಟರ್ ಬಿಡಿ. ದ್ರವ ತಾನಾಗಿಯೇ ಒಳಗೆ ಹರಿಯುತ್ತದೆ. ಪಕ್ಕದ ಕಾಲುವೆಗೆ ತುಳುಕಿದರೆ ಅಥವಾ ಗುಳ್ಳೆ ಕಂಡರೆ ತೊಳೆದು ಮತ್ತೆ ತುಂಬಿ. ಹಾಗೇ ಎಣಿಸಿದರೆ ಲೆಕ್ಕ ದಾರಿ ತಪ್ಪುತ್ತದೆ.

ಮೈಕ್ರೋಸ್ಕೋಪಿನಲ್ಲಿ ಜೀವಂತ ಕೋಶ ದುಂಡಗೆ, ಹೊಳೆಯುತ್ತಾ ಕಾಣುತ್ತದೆ. ಸತ್ತದ್ದರ ಪೊರೆ ಬಣ್ಣವನ್ನು ತಡೆಯದು, ಅದು ಪೂರ್ತಿ ನೀಲಿ. ಐದು ನಿಮಿಷದೊಳಗೆ ಮುಗಿಸಿ, ತಡವಾದರೆ ಬಣ್ಣವೇ ಕೋಶಗಳನ್ನು ಕೊಲ್ಲುತ್ತದೆ.

ನಾಲ್ಕು ಮೂಲೆಯ ದೊಡ್ಡ ಚೌಕಗಳಲ್ಲಿರುವ ಕೋಶಗಳನ್ನು ಎಣಿಸಿ. ಮೇಲಿನ ಮತ್ತು ಎಡಗಡೆಯ ಗೆರೆ ಮುಟ್ಟಿದವು ಲೆಕ್ಕಕ್ಕೆ, ಕೆಳಗಿನ ಮತ್ತು ಬಲಗಡೆಯವು ಬೇಡ. ನಾಲ್ಕರಲ್ಲಿ ಒಟ್ಟು 160 ಜೀವಂತ, 10 ಸತ್ತವು ಎಂದುಕೊಳ್ಳಿ. ಸರಾಸರಿ 40, ಅದನ್ನು 2ರಿಂದ (ಬಣ್ಣ ಬೆರೆಸಿದ್ದಕ್ಕೆ), ಆಮೇಲೆ 10,000ದಿಂದ (ಒಂದು ಚೌಕದ ಲೆಕ್ಕವನ್ನು ಮಿಲಿಲೀಟರಿಗೆ ತರಲು) ಗುಣಿಸಿ. ಮಿಲಿಲೀಟರಿಗೆ 8,00,000 ಜೀವಂತ ಕೋಶಗಳು, ಬದುಕುಳಿದ ಪ್ರಮಾಣ ಸುಮಾರು 94%. 2ರಿಂದ ಗುಣಿಸಲು ಮರೆಯುವವರೇ ಹೆಚ್ಚು!

ಕೋಶಗಳು ಗೊಂಚಲು ಗೊಂಚಲಾಗಿ ಕಂಡರೆ ಎಣಿಸಲು ಹೋಗಬೇಡಿ. ಕೋಶಗಳನ್ನು ಬಿಡಿಬಿಡಿಯಾಗಿಸಲು ಹಾಕುವ ಟ್ರಿಪ್ಸಿನ್ ಎಂಬ ಕಿಣ್ವ ಸಾಕಷ್ಟು ಕೆಲಸ ಮಾಡಿರಲಿಕ್ಕಿಲ್ಲ. ಪಿಪೆಟ್‌ನಿಂದ ಮೆಲ್ಲಗೆ ಬಿಡಿಸಿ, ಹೊಸ ಮಾದರಿ ತೆಗೆಯಿರಿ.